ಡ್ಯೂಕ್‌ಗಳ ಪ್ರೇಮ, ಕೊನೇ ಅಧ್ಯಾಯದ ಪ್ರಾರ್ಥನೆ: ಮಂಡ್ಯದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ಇಂಗ್ಲಿಷ್ ಓದು ರೂಢಿಯಾಗಲಿ ಎಂದು ಐತಿಹಾಸಿಕ ಪ್ರೇಮಕಾದಂಬರಿಗಳನ್ನು ಹಿಡಿದೆ, ಈಗ ಬಿಡಲು ಮನಸ್ಸು ಬರುತ್ತಿಲ್ಲ. ಆದರೆ ಡ್ಯೂಕ್, ನೃತ್ಯಕೂಟ, ಬಲವಂತದ ಮದುವೆ, ಕೊನೆಗೆ ಪ್ರೀತಿ, ಹೀಗೆ ಎಷ್ಟು ಓದಿದರೂ ಒಂದೇ ಪುಸ್ತಕ ಓದಿದ ಹಾಗಿರುತ್ತದೆ. ನನ್ನ ಸಹೋದ್ಯೋಗಿ ಕ್ರೈಸ್ತರು. ಅವರು ತಮ್ಮ ಮನೆಯಲ್ಲಿದ್ದ ಕ್ರೈಸ್ತ ಪ್ರೇಮಕಾದಂಬರಿಗಳನ್ನೂ ನಂಬಿಕೆಯ ಪುಸ್ತಕಗಳನ್ನೂ ಕೊಟ್ಟರು. ಆ ಕಾದಂಬರಿಗಳನ್ನು ಮುಜುಗರವಿಲ್ಲದೆ ಓದಬಹುದು, ಆದರೆ ಕೊನೇ ಅಧ್ಯಾಯದಲ್ಲಿ ನಾಯಕಿ ಒಂದು ಪ್ರಾರ್ಥನೆ ಮಾಡಿದರೆ ಎಲ್ಲ ಸರಿಹೋಗುತ್ತದೆ. ದಿನಕ್ಕೊಂದು ಪುಟದ ಧ್ಯಾನದ ಪುಸ್ತಕಗಳು ನನಗೆ ಹತ್ತಲಿಲ್ಲ. ಕೋರಿ ಟೆನ್ ಬೂಮ್ ಅವರ ‘ದಿ ಹೈಡಿಂಗ್ ಪ್ಲೇಸ್’ ಮಾತ್ರ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಇದೆಲ್ಲ ಕಾಲಹರಣವೇ? ಒಳ್ಳೆಯದನ್ನು ಗುರುತಿಸುವುದು ಹೇಗೆ? ನಾನು ಕ್ರೈಸ್ತಳಲ್ಲ, ನಂಬಿಕೆಯ ಪುಸ್ತಕಗಳನ್ನು ನಾನು ಹೇಗೆ ಓದಬೇಕು?

ಉತ್ತರ: ಕಾಲಹರಣ ಖಂಡಿತ ಅಲ್ಲ. ಪ್ರೇಮಕಾದಂಬರಿ ಅಂದರೆ ಮೂಗು ಮುರಿಯುವ ಅಭ್ಯಾಸ ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ಬಹಳ ಹಳೆಯದು. ಕನ್ನಡದ ಲೇಖಕಿಯರನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದ್ದೂ ಅದೇ ಅಭ್ಯಾಸ. ಇದೇ ಮೈಸೂರಿನಲ್ಲಿ ಕೂತು ಬರೆದ ತ್ರಿವೇಣಿಯವರನ್ನು ಇವತ್ತಿಗೂ ಜನ ಹುಡುಕಿಕೊಂಡು ಓದುತ್ತಾರೆ. ಮೂಗು ಮುರಿದವರ ಹೆಸರು ಯಾರಿಗೂ ನೆನಪಿಲ್ಲ. ನೀವು ಏನು ಓದಿದಿರಿ ಎಂಬುದಕ್ಕಿಂತ, ಓದಿದ ಮೇಲೆ ಎಲ್ಲಿ ಅತೃಪ್ತಿಯಾಯಿತು ಎಂದು ಇಷ್ಟು ಸ್ಪಷ್ಟವಾಗಿ ಬರೆದಿದ್ದೀರಲ್ಲ, ಅದು ಬೆಳೆದ ಓದುಗರ ಲಕ್ಷಣ.

ಡ್ಯೂಕ್‌ಗಳೆಲ್ಲ ಒಂದೇ ಥರ ಕಾಣುವುದು, ಕೊನೇ ಅಧ್ಯಾಯದ ಪ್ರಾರ್ಥನೆ ಎಲ್ಲವನ್ನೂ ಸರಿಮಾಡಿಬಿಡುವುದು ಇವೆರಡನ್ನೂ ನೀವು ಬೇರೆ ಬೇರೆ ದೂರುಗಳಾಗಿ ಬರೆದಿದ್ದೀರಿ. ನನಗೆ ಎರಡೂ ಒಂದೇ ಅನ್ನಿಸುತ್ತದೆ. ಮೊದಲನೆಯದರಲ್ಲಿ ಚರಿತ್ರೆ ಆ ಪಾತ್ರಗಳಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಎರಡನೆಯದರಲ್ಲಿ ದೇವರು ಅವರಿಂದ ಏನನ್ನೂ ಕೇಳುವುದಿಲ್ಲ. ಯಾರೂ ಬೆಲೆ ತೆರದ ಕಥೆ ಎಷ್ಟು ಚಂದ ಬರೆದಿದ್ದರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಮೊದಲು ಚರಿತ್ರೆಯ ಮಾತು. ನೀವು ಓದುತ್ತಿರುವ ಡ್ಯೂಕ್ ಕಾದಂಬರಿಗಳಲ್ಲಿ ಬಹುಪಾಲು ನಡೆಯುವುದು 1811ರಿಂದ 1820ರ ನಡುವಿನ ಇಂಗ್ಲೆಂಡಿನಲ್ಲಿ. ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ಥಿಮಿತ ತಪ್ಪಿ, ಮಗ ರಾಜಪ್ರತಿನಿಧಿಯಾಗಿ ಆಳಿದ ಕಾಲ ಅದು. ಇಷ್ಟು ಸಣ್ಣ ಅವಧಿ ಇಷ್ಟು ದೊಡ್ಡ ಪ್ರಕಾರವಾಗಿ ಬೆಳೆದದ್ದಕ್ಕೆ ಮುಖ್ಯ ಕಾರಣ ಜಾರ್ಜೆಟ್ ಹೇಯರ್. 1935ರಿಂದ ಮುಂದೆ ಆಕೆ ಬರೆದ ಆ ಕಾಲದ ಕಾದಂಬರಿಗಳಲ್ಲಿ ಕುದುರೆಗಾಡಿ, ಉಡುಪು, ಜೂಜಿನ ಸಾಲ, ಬೀದಿಯ ಬೈಗುಳದವರೆಗೆ ಎಲ್ಲಕ್ಕೂ ಹುಡುಕಿ ತೆಗೆದ ಆಧಾರವಿರುತ್ತಿತ್ತು. ಆಮೇಲೆ ಬಂದವರಲ್ಲಿ ಅನೇಕರು ಆ ಕಾಲವನ್ನು ಓದಲಿಲ್ಲ, ಹೇಯರ್ ಅವರನ್ನು ಓದಿದರು. ನಕಲಿನ ನಕಲು ತೆಗೆಯುತ್ತಾ ಹೋದಾಗ ಉಳಿದದ್ದು ಗೌನು ಮತ್ತು ಮೇಣದಬತ್ತಿ. ನಿಮಗೆ ಎಲ್ಲವೂ ಒಂದೇ ಅನ್ನಿಸುತ್ತಿರುವುದು ಅದಕ್ಕೇ.

ಆ ಇಂಗ್ಲೆಂಡಿನಲ್ಲಿ ಪ್ರೀತಿಸಿ ಮದುವೆಯಾಗುವುದು ಹೆಣ್ಣಿಗೆ ಎಂಥ ಅಪಾಯದ ಕೆಲಸವಾಗಿತ್ತು ಎಂಬುದನ್ನು ಮಾತ್ರ ಗೌನು ಹೇಳುವುದಿಲ್ಲ. ಮದುವೆಯಾದರೆ ಅವಳ ನಗದು, ಮುಂದೆ ದುಡಿದರೆ ಆ ಸಂಬಳವೂ ಗಂಡನದು. ತವರಿನವರು ಮೊದಲೇ ವಕೀಲರನ್ನು ಹಿಡಿದು ಕರಾರು ಬರೆಸಿದ್ದರೆ ಮಾತ್ರ ಒಂದಿಷ್ಟು ಅವಳ ಪಾಲಿಗೆ ಉಳಿಯುತ್ತಿತ್ತು. ಈ ಕಾನೂನು ಸಡಿಲವಾದದ್ದು 1870 ಮತ್ತು 1882ರಲ್ಲಿ. ವಿಚ್ಛೇದನ ಪಡೆದು ಮತ್ತೆ ಮದುವೆಯಾಗಬೇಕೆಂದರೆ 1857ರವರೆಗೆ ಪಾರ್ಲಿಮೆಂಟಿನಲ್ಲಿ ಆ ಒಂದು ದಾಂಪತ್ಯಕ್ಕೆಂದೇ ಕಾಯ್ದೆ ಪಾಸಾಗಬೇಕಿತ್ತು. ಮಕ್ಕಳ ಮೇಲಿನ ಹಕ್ಕು ಅಪ್ಪನದು; ಪುಟ್ಟ ಮಕ್ಕಳನ್ನು ತನ್ನ ಬಳಿ ಇರಿಸಿಕೊಳ್ಳಲು ತಾಯಿ ಕೋರ್ಟಿಗೆ ಅರ್ಜಿ ಹಾಕಬಹುದು ಎಂದಾದದ್ದೇ 1839ರಲ್ಲಿ. ಇಪ್ಪತ್ತೊಂದು ತುಂಬದವರು ಹಿರಿಯರ ಒಪ್ಪಿಗೆಯಿಲ್ಲದೆ ಮದುವೆಯಾಗಬಾರದೆಂದು 1753ರಲ್ಲೇ ಕಾಯ್ದೆಯಾಗಿತ್ತು. ಅದು ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿಯೇ ನಿಮ್ಮ ಕಾದಂಬರಿಗಳ ಜೋಡಿಗಳು ರಾತ್ರೋರಾತ್ರಿ ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡುವುದು.

ಇನ್ನು ಮುಂದೆ ಒಂದು ಕಾದಂಬರಿ ಹಿಡಿದಾಗ ಇದನ್ನು ಗಮನಿಸಿ: ಈ ಗಂಡಸನ್ನು ನಂಬಿ ಕೆಟ್ಟರೆ ಇವಳು ಏನೇನು ಕಳೆದುಕೊಳ್ಳುತ್ತಾಳೆ ಎಂಬುದು ಲೇಖಕಿಗೆ ಗೊತ್ತಿದೆಯೇ? ಗೊತ್ತಿದ್ದರೆ ಒಂದು ಕಾಗದಕ್ಕೆ ಸಹಿ ಹಾಕುವ ದೃಶ್ಯವೂ ಎದೆ ನಡುಗಿಸುತ್ತದೆ. ಗೊತ್ತಿಲ್ಲದಿದ್ದರೆ ನಾಯಕಿ ಇಂದಿನ ಹುಡುಗಿಯಂತೆ ಮಾತಾಡಿ, ಅಂದಿನ ಬಟ್ಟೆ ಹಾಕಿಕೊಂಡಿರುತ್ತಾಳೆ.

ನೀವು ಮಂಡ್ಯದವರು ಎಂಬ ಕಾರಣಕ್ಕೆ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ಆ ನೃತ್ಯಕೂಟಗಳ ದುಡ್ಡು ಎಲ್ಲಿಂದ ಬಂತು? ಎಷ್ಟೋ ಕಾದಂಬರಿಗಳಲ್ಲಿ ಇಂಡಿಯಾದಲ್ಲಿ ಐಶ್ವರ್ಯ ಮಾಡಿಕೊಂಡು ಬಂದ ಚಿಕ್ಕಪ್ಪನೊಬ್ಬ ಇರುತ್ತಾನೆ, ಇಲ್ಲವೇ ಯುದ್ಧ ಗೆದ್ದು ಬಂದ ಸೈನ್ಯಾಧಿಕಾರಿ ಇರುತ್ತಾನೆ. 1815ರ ವಾಟರ್‌ಲೂ ಯುದ್ಧದ ಸುತ್ತ ಹೇಯರ್ 1937ರಲ್ಲಿ ‘ಆ್ಯನ್ ಇನ್‌ಫೇಮಸ್ ಆರ್ಮಿ’ ಬರೆದರು. ಅದರಲ್ಲಿ ಬರುವ ಡ್ಯೂಕ್ ಆಫ್ ವೆಲಿಂಗ್ಟನ್ ಬೇರೆ ಯಾರೂ ಅಲ್ಲ, 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ನಾವು ಮಕ್ಕಳನ್ನು ಕರೆದುಕೊಂಡು ಹೋಗಿ ಚಿತ್ರ ತೋರಿಸುವ ದರಿಯಾ ದೌಲತ್ತಿನಲ್ಲೇ ಆತ ವಾಸವಿದ್ದ. ಟಿಪ್ಪು ಬಿದ್ದ ಆ ರಾತ್ರಿ ಪಟ್ಟಣ ಲೂಟಿಯಾಯಿತು. ಆಮೇಲೆ ಉಳಿದ ಸಂಪತ್ತನ್ನು ಲೆಕ್ಕ ಹಾಕಿ ದರ್ಜೆಗೆ ತಕ್ಕಂತೆ ಹಂಚಿಕೊಂಡರು. ಟಿಪ್ಪುವಿನ ಸಿಂಹಾಸನವನ್ನೂ ಹಂಚಿಕೆಗೆಂದು ಒಡೆದರು. ಅದರ ಚಿನ್ನದ ಹುಲಿಮುಖ ಇವತ್ತಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ.

ಇಂಗ್ಲಿಷ್ ಕಾದಂಬರಿ ಇದನ್ನು ಮರೆತೇಬಿಟ್ಟಿಲ್ಲ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಶುರುವಾಗುವುದೇ ಶ್ರೀರಂಗಪಟ್ಟಣದ ದಾಳಿಯಿಂದ. ಒಬ್ಬ ಅಧಿಕಾರಿ ಅಲ್ಲಿಂದ ಕದ್ದ ವಜ್ರ ಇಂಗ್ಲೆಂಡಿನ ಒಂದು ಸಂಭಾವಿತ ಮನೆಗೆ ಬಂದು, ಆ ಮನೆಯ ಹುಡುಗಿಯ ಪ್ರೇಮವನ್ನೂ ನೆಮ್ಮದಿಯನ್ನೂ ಕಲಕಿಹಾಕುತ್ತದೆ. ಅದು ಪತ್ತೇದಾರಿ ಕಾದಂಬರಿ ಎಂದೇ ಹೆಸರಾಗಿದೆ, ಆದರೆ ಪ್ರೇಮದ ಎಳೆಯೂ ಗಟ್ಟಿಯಾಗಿದೆ. ಮಂಡ್ಯದ ಓದುಗರು ಅದನ್ನು ಓದದೆ ಬಿಡಬಾರದು. ಕಬ್ಬಿನ ವಿಷಯವೂ ಹೀಗೆಯೇ. ಡ್ಯೂಕ್‌ಗಳ ಟೀಗೆ ಬೀಳುವ ಸಕ್ಕರೆ ಕೆರಿಬಿಯನ್ ದ್ವೀಪಗಳ ತೋಟದ್ದು, ಅಲ್ಲಿ ಕಬ್ಬು ಕಡಿಯುತ್ತಿದ್ದವರು ಗುಲಾಮರು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಿತಾದರೂ ಗುಲಾಮಗಿರಿಯನ್ನು ರದ್ದುಮಾಡುವ ಕಾಯ್ದೆ ಬಂದದ್ದು 1833ರಲ್ಲಿ. ಅಂದರೆ ನಿಮ್ಮ ನಾಯಕ ನಾಯಕಿಗೆ ಮೊದಲ ಸಲ ಮುತ್ತಿಡುವ ಹೊತ್ತಿನಲ್ಲಿ ಆ ತೋಟಗಳು ನಡೆಯುತ್ತಲೇ ಇದ್ದವು. ಇದನ್ನು ತಿಳಿದು ಓದಿದರೆ ಸುಖ ಕೆಡುತ್ತದೆಯೇ? ನನ್ನ ಮಟ್ಟಿಗೆ ಕೆಟ್ಟಿಲ್ಲ. ಆಸ್ತಿ ಎಲ್ಲಿಂದ ಬಂತೆಂದು ಒಂದು ಸಲವಾದರೂ ಕೇಳುವ ನಾಯಕಿ ಸಿಕ್ಕಿದಾಗ ಅವಳ ಮೇಲಿನ ಪ್ರೀತಿ ಇಮ್ಮಡಿಯಾಗುತ್ತದೆ.

ಈಗ ಕ್ರೈಸ್ತ ಪ್ರೇಮಕಾದಂಬರಿ. 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಅವರ ಮೊದಲ ಕಾದಂಬರಿ ಬಂದ ಮೇಲೆ ಅಮೆರಿಕದಲ್ಲಿ ಐತಿಹಾಸಿಕ ಪ್ರೇಮಕಾದಂಬರಿಯ ದಿಕ್ಕು ಬದಲಾಯಿತು. ಮಲಗುವ ಕೋಣೆಯ ಬಾಗಿಲು ತೆರೆಯಿತು, ಜೊತೆಗೆ ನಾಯಕನೇ ನಾಯಕಿಯ ಮೇಲೆ ಬಲಾತ್ಕಾರ ಮಾಡಿ ಕೊನೆಗೆ ಅವಳ ಪ್ರೀತಿಯನ್ನೂ ಪಡೆಯುವ ಕೆಟ್ಟ ಪದ್ಧತಿಯೂ ಬಂತು. ಏಳು ವರ್ಷದ ನಂತರ, 1979ರಲ್ಲಿ, ಕೆನಡಾದ ಜಾನೆಟ್ ಓಕ್ ‘ಲವ್ ಕಮ್ಸ್ ಸಾಫ್ಟ್ಲಿ’ ಪ್ರಕಟಿಸಿದರು. ಇಂದಿನ ಕ್ರೈಸ್ತ ಪ್ರೇಮಕಾದಂಬರಿಯ ಮಾರುಕಟ್ಟೆ ಬೆಳೆದದ್ದು ಆ ಪುಸ್ತಕದ ಬೆನ್ನಿಗೆ.

ಓಕ್ ಅವರ ಕಥೆ ಸರಳ. ಪಶ್ಚಿಮದ ಬಯಲಿಗೆ ಗಂಡನೊಂದಿಗೆ ಗಾಡಿಯಲ್ಲಿ ಬಂದ ಬಸುರಿ ಹೆಂಗಸು. ಗಂಡ ಅವಘಡದಲ್ಲಿ ಸಾಯುತ್ತಾನೆ. ಅವನನ್ನು ಮಣ್ಣು ಮಾಡಿದ ದಿನವೇ, ತಾಯಿಯಿಲ್ಲದ ಪುಟ್ಟ ಮಗಳಿರುವ ಒಬ್ಬ ರೈತ ಮದುವೆಯ ಪ್ರಸ್ತಾಪ ಇಡುತ್ತಾನೆ: ಚಳಿಗಾಲ ಕಳೆಯುವವರೆಗೆ ನಿನಗೆ ಮನೆ, ನನ್ನ ಮಗುವಿಗೆ ತಾಯಿ, ಆಮೇಲೆ ಊರಿಗೆ ಮರಳಬೇಕೆಂದರೆ ನಾನೇ ಕಳಿಸಿಕೊಡುತ್ತೇನೆ. ಮದುವೆ ಮೊದಲು, ಪ್ರೀತಿ ಆಮೇಲೆ. ನಮ್ಮ ಕಡೆಯ ಹೆಂಗಸರಿಗೆ ಈ ಪುಸ್ತಕಗಳು ಇಷ್ಟು ಹತ್ತಿರವಾಗುವ ಗುಟ್ಟು ಇಲ್ಲಿದೆ ಎಂದು ನನ್ನ ನಂಬಿಕೆ. ನೃತ್ಯಕೂಟದಲ್ಲಿ ಕಣ್ಣಿಗೆ ಕಣ್ಣು ಕೂಡಿಸಿ ಮದುವೆಯಾದವರು ನಮ್ಮ ತಾಯಂದಿರಲ್ಲ. ಗುರುತಿಲ್ಲದ ಗಂಡಸಿನ ಮನೆಗೆ ಹೋಗಿ, ಒಲೆ ಹಚ್ಚುತ್ತಾ, ಇವನು ಎಂಥವನಿರಬಹುದು ಎಂದು ಅಳೆಯುತ್ತಾ ದಿನ ಕಳೆದವರು. ಓಕ್ ಅವರ ರೈತನ ನಂಬಿಕೆ ಉಪದೇಶಕ್ಕಿಂತ ನಡತೆಯಲ್ಲಿ ಹೆಚ್ಚು ಕಾಣುತ್ತದೆ. ಅವನು ತನ್ನ ಹಾಸಿಗೆಯನ್ನು ಮನೆಯ ಪಕ್ಕದ ಮಾಡಿನ ಕೆಳಗೆ ಹಾಕಿಕೊಳ್ಳುತ್ತಾನೆ, ಕೊಟ್ಟ ಮಾತನ್ನು ನೆನಪಿಟ್ಟುಕೊಳ್ಳುತ್ತಾನೆ. ಭಾಷೆ ತೀರಾ ಸಾಧಾರಣ, ಆದರೂ ಆ ಪುಸ್ತಕ ನಿಲ್ಲುವುದು ಈ ಕಾರಣಕ್ಕೆ.

ಫ್ರಾನ್ಸೀನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’ ನಿಮಗೆ ಸಿಕ್ಕೇ ಸಿಗುತ್ತದೆ, ಅಷ್ಟು ಜನಪ್ರಿಯ. 1991ರಲ್ಲಿ ಬಂದದ್ದು, ಕಥೆ ನಡೆಯುವುದು 1850ರ ಕ್ಯಾಲಿಫೋರ್ನಿಯಾದಲ್ಲಿ, ಚಿನ್ನದ ಬೇಟೆಯ ಕಾಲ. ಓದುವ ಮೊದಲು ಸತ್ಯವೇದದ ಹಳೆ ಒಡಂಬಡಿಕೆಯಲ್ಲಿ ಹೋಶೇಯನ ಪುಸ್ತಕದ ಮೊದಲ ಮೂರು ಅಧ್ಯಾಯ ಓದಿಕೊಳ್ಳಿ, ಅದು ಚಿಕ್ಕದು. ದೇವರ ಮಾತಿನಂತೆ ವ್ಯಭಿಚಾರದ ಹೆಣ್ಣನ್ನು ಮದುವೆಯಾದ ಪ್ರವಾದಿ ಅವನು. ಬಿಟ್ಟುಹೋದವಳನ್ನು ಹದಿನೈದು ಬೆಳ್ಳಿ ಮತ್ತು ಜವೆಗೋದಿ ಕೊಟ್ಟು ಮರಳಿ ಪಡೆಯುತ್ತಾನೆ. ರಿವರ್ಸ್ ಇದನ್ನೇ ಕಾದಂಬರಿ ಮಾಡಿದ್ದಾರೆ. ಬಾಲ್ಯದಲ್ಲೇ ಮಾರಾಟವಾದ ಅವರ ನಾಯಕಿ ಮತ್ತೆ ಮತ್ತೆ ಓಡಿಹೋಗುತ್ತಾಳೆ. ಗಾಯ ಅಷ್ಟು ಸುಲಭಕ್ಕೆ ಮಾಯುವುದಿಲ್ಲವೆಂದು ಲೇಖಕಿ ಒಪ್ಪಿಕೊಂಡಿರುವುದು ಈ ಪುಸ್ತಕದ ದೊಡ್ಡ ಗುಣ. ಆದರೆ ಹೊಡೆತ ತಿಂದು ಪ್ರಜ್ಞೆ ಬಂದುಹೋಗುತ್ತಿರುವ ಹೆಣ್ಣಿನಿಂದ ಹೂಂಗುಟ್ಟಿಸಿಕೊಂಡು ನಾಯಕ ಮದುವೆಯಾಗುವುದನ್ನು ನಾನು ಒಪ್ಪಲಾರೆ. ದೇವರೇ ಹೇಳಿದನೆಂದು ಗಂಡಸು ನಿರ್ಧರಿಸಿಬಿಟ್ಟರೆ ಅವಳ ಇಚ್ಛೆಗೆ ಎಲ್ಲಿ ಜಾಗ? ಈ ಪುಸ್ತಕವನ್ನು ಮೆಚ್ಚಿದವರೊಂದಿಗೆ ಈ ಪ್ರಶ್ನೆಯನ್ನು ಧೈರ್ಯವಾಗಿ ಎತ್ತಿ. ಒಳ್ಳೆಯ ಚರ್ಚೆಯಾಗುತ್ತದೆ.

ಇನ್ನು ಆ ಕೊನೇ ಅಧ್ಯಾಯದ ಪ್ರಾರ್ಥನೆ. ಅದರ ಬಗೆಗಿನ ನಿಮ್ಮ ಅಸಮಾಧಾನವನ್ನು ಕ್ರೈಸ್ತ ಚಿಂತಕರೇ ನಿಮಗಿಂತ ಕಟುವಾಗಿ ಹೇಳಿದ್ದಾರೆ. ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ 1937ರಲ್ಲಿ ಶಿಷ್ಯತ್ವದ ಬಗ್ಗೆ ಬರೆದ ಪುಸ್ತಕದ ಆರಂಭದಲ್ಲೇ ‘ಅಗ್ಗದ ಕೃಪೆ’ಯ ಮೇಲೆ ಹರಿಹಾಯುತ್ತಾನೆ: ಪಶ್ಚಾತ್ತಾಪವಿಲ್ಲದೆ ಕ್ಷಮೆ, ಶಿಲುಬೆ ಹೊರದೆ ರಕ್ಷಣೆ, ಏನನ್ನೂ ಬಿಡದೆ ಎಲ್ಲವನ್ನೂ ಪಡೆಯುವ ಭಕ್ತಿ. 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯುವ ಅವಕಾಶವಿದ್ದರೂ ಆತ ಹಿಟ್ಲರನ ಜರ್ಮನಿಗೆ ಮರಳಿದ. 1943ರಲ್ಲಿ ಬಂಧನ, 1945ರ ಏಪ್ರಿಲ್ 9ರಂದು ಗಲ್ಲು. ನಾಯಕಿ ಪ್ರಾರ್ಥಿಸಿದ ಮರುಪುಟದಲ್ಲೇ ಸಾಲ ತೀರಿ, ವೈರಿ ಮಣಿದು, ನಾಯಕ ಬಾಗಿಲಲ್ಲಿ ನಿಂತಿದ್ದರೆ ಬಾನ್‌ಹಾಫರನ ಈ ಮಾತನ್ನು ಅಲ್ಲಿಗೆ ಅನ್ವಯಿಸಿ ನೋಡಿ. ಪ್ರಾರ್ಥನೆಯ ನಂತರ ಅವಳ ಬದುಕು ಒಂದಿಷ್ಟಾದರೂ ಕಷ್ಟವಾದರೆ, ಯಾರದೋ ಕ್ಷಮೆ ಕೇಳಬೇಕಾಗಿ ಬಂದರೆ, ಅನ್ಯಾಯದ ಆಸ್ತಿ ಬಿಡಬೇಕಾಗಿ ಬಂದರೆ, ಆ ಕಾದಂಬರಿಕಾರ್ತಿಗೆ ತನ್ನ ಧರ್ಮ ಗೊತ್ತಿದೆ ಎಂದು ತಿಳಿಯಿರಿ.

ಧ್ಯಾನದ ಪುಸ್ತಕಗಳ ವಿಷಯದಲ್ಲಿ ನೀವು ಸ್ವಲ್ಪ ಅವಸರ ಮಾಡಿದ್ದೀರಿ. ಅವು ಸಾಲಾಗಿ ಓದಿ ಮುಗಿಸುವ ಪುಸ್ತಕಗಳಲ್ಲ. ಡಿ.ವಿ.ಜಿ.ಯವರ ಕಗ್ಗವನ್ನು ಒಂದೇ ಕೂತಲ್ಲಿ ಓದಿದರೆ ಅದೂ ಹತ್ತುವುದಿಲ್ಲ. ಬೆಳಗ್ಗೆ ಒಂದು ವಾಕ್ಯ ಓದಿ, ಮನೆಯವರೊಟ್ಟಿಗೆ ಪ್ರಾರ್ಥಿಸಿ ದಿನ ಶುರುಮಾಡುವವರಿಗಾಗಿ ಬರೆದವು ಅವು. ಆ ದಿನಚರಿ ನಿಮ್ಮದಲ್ಲದ ಮೇಲೆ ಹತ್ತದಿದ್ದರೆ ಚಿಂತೆಯಿಲ್ಲ, ಬಿಟ್ಟುಬಿಡಿ.

ಕೋರಿ ಟೆನ್ ಬೂಮ್ ಪುಸ್ತಕ ನಿಮ್ಮನ್ನು ಯಾಕೆ ಬಿಡುತ್ತಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರದ ಅಂಗಡಿ ಇಟ್ಟುಕೊಂಡಿದ್ದ ಮನೆ, ಯಹೂದಿಗಳನ್ನು ಅಡಗಿಸಿಟ್ಟದ್ದಕ್ಕೆ 1944ರ ಫೆಬ್ರವರಿಯಲ್ಲಿ ನಾಜಿಗಳ ಕೈಗೆ ಸೆರೆಯಾಯಿತು. ತಂದೆ ಸೆರೆಯಲ್ಲೇ ತೀರಿಕೊಂಡರು. ಅಕ್ಕ ಬೆಟ್ಸಿ ಅದೇ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಸತ್ತರು. ಶಿಬಿರದ ಚಿಗಟಗಳಿಗಾಗಿಯೂ ದೇವರಿಗೆ ಕೃತಜ್ಞತೆ ಹೇಳೋಣ ಎಂದು ಬೆಟ್ಸಿ ಅಂದಾಗ ಕೋರಿಗೆ ಅದು ಸಾಧ್ಯವಾಗುವುದಿಲ್ಲ, ಸಾಧ್ಯವಾಗಲಿಲ್ಲವೆಂದೇ ಬರೆಯುತ್ತಾರೆ. ಚಿಗಟದ ಕಾಟಕ್ಕೆ ಹೆದರಿ ಕಾವಲಿನವರು ಒಳಗೆ ಬರುತ್ತಿರಲಿಲ್ಲ, ಅದರಿಂದಲೇ ಅಲ್ಲಿ ಬೈಬಲ್ ಓದಲು ಆಗುತ್ತಿತ್ತು ಎಂಬುದು ಆಮೇಲೆ ತಿಳಿಯುತ್ತದೆ. ಯುದ್ಧ ಮುಗಿದ ಮೇಲೆ ಮ್ಯೂನಿಕ್‌ನಲ್ಲಿ, ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದ ಅದೇ ಕೋರಿಯ ಎದುರು ಆ ಶಿಬಿರದ ಕಾವಲುಗಾರನೊಬ್ಬ ಬಂದು ಕೈಚಾಚುತ್ತಾನೆ. ಅವರ ಕೈ ಮೇಲೇಳುವುದಿಲ್ಲ. ನಂಬಿಕೆಯ ಪುಸ್ತಕದಲ್ಲಿ ನಾನು ಹುಡುಕುವುದು ಇಂಥ ಜಾಗವನ್ನು. ತನ್ನ ಕೈ ಮೇಲೇಳಲಿಲ್ಲ ಎಂದು ಬರೆಯಬಲ್ಲವರು ಆಮೇಲೆ ಅದು ಎದ್ದಿತು ಎಂದರೆ ನಂಬಬಹುದು.

ಇದೇ ಕಾರಣಕ್ಕೆ ಸಿ.ಎಸ್. ಲೂಯಿಸ್ ಅವರ ‘ಎ ಗ್ರೀಫ್ ಅಬ್ಸರ್ವ್ಡ್’ ಓದಿ. 1940ರಲ್ಲಿ ಅವರು ನೋವಿನ ಸಮಸ್ಯೆಯ ಬಗ್ಗೆ ತರ್ಕಬದ್ಧವಾದ ಒಂದು ಪುಸ್ತಕ ಬರೆದಿದ್ದರು. 1960ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಆ ತರ್ಕವೆಲ್ಲ ಕುಸಿದುಬಿತ್ತು. ಆಗ ಬರೆದುಕೊಂಡ ಟಿಪ್ಪಣಿಗಳನ್ನು ಮರುವರ್ಷ ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ಪುಸ್ತಕ ತೆಳ್ಳಗಿದೆ. ದೇವರ ಮೇಲೆ ಸಿಟ್ಟು ಮಾಡಿಕೊಂಡ ಭಕ್ತನ ಮಾತು ವಚನಗಳನ್ನು ಓದಿಕೊಂಡವರಿಗೆ ಹೊಸದಲ್ಲ, ನಿಮಗೆ ದಕ್ಕುತ್ತದೆ.

ಬೇರೆ ಧರ್ಮದವಳು ಹೇಗೆ ಓದಬೇಕು ಎಂದು ಕೇಳಿದ್ದೀರಿ. ನಿಮ್ಮ ಜಿಲ್ಲೆಯ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರ್ ಇದ್ದಾಳೆ. ರಾಮಾನುಜಾಚಾರ್ಯರು ಮರಳಿ ತಂದ ಉತ್ಸವಮೂರ್ತಿಯ ಮೇಲಿನ ಪ್ರೀತಿಗೆ ಅರಮನೆ ಬಿಟ್ಟು ಹಿಂದೆ ಬಂದ ಸುಲ್ತಾನನ ಮಗಳು ಎಂಬುದು ಐತಿಹ್ಯ. ಪ್ರೇಮವೂ ಭಕ್ತಿಯೂ ಚರಿತ್ರೆಯೂ ಒಂದೇ ಕಥೆಯಲ್ಲಿ ಬೆರೆತದ್ದನ್ನು ನೀವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೀರಿ. ಕನ್ನಡದಲ್ಲಿ ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಹಾಗಾಗಿ ಸಂಕೋಚ ಬೇಡ. ಅದರಲ್ಲಿರುವುದನ್ನೆಲ್ಲ ಒಪ್ಪಬೇಕಿಲ್ಲ. ಆ ನಂಬಿಕೆಯನ್ನು ಇಟ್ಟುಕೊಂಡವರು ಅದಕ್ಕಾಗಿ ಏನು ಬಿಟ್ಟರು ಎಂಬುದನ್ನು ಗೌರವದಿಂದ ಗಮನಿಸಿದರೆ ಸಾಕು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನೀವು ಓದಿದ ಕಾದಂಬರಿಗಳು ಉತ್ತರ ಅಮೆರಿಕದ ಇವ್ಯಾಂಜೆಲಿಕಲ್ ಪಂಥದ ಒಳಗಿನಿಂದ ಬಂದವು. ಒಂದು ಗಳಿಗೆಯಲ್ಲಿ ಮನಸ್ಸು ತಿರುಗಿ, ಯೇಸುವನ್ನು ಒಪ್ಪಿಕೊಂಡು ಹೊಸ ಮನುಷ್ಯನಾಗುವುದು ಆ ಪಂಥದ ಹೃದಯ. ಎಲ್ಲ ಕ್ರೈಸ್ತರ ಬದುಕೂ ಹಾಗಿರುವುದಿಲ್ಲ. ಜೂನ್ 13ರಂದು ಕೆ.ಆರ್. ನಗರದ ಹತ್ತಿರದ ದೋರನಹಳ್ಳಿಗೆ ಹೋಗಿ ನೋಡಿ. ಸಂತ ಅಂತೋಣಿಯವರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ತಲೆಮಾರುಗಳಿಂದ ಬಂದ ಪೂಜೆ, ಹಬ್ಬ, ಹರಕೆಗಳ ಆ ನಂಬಿಕೆ ಅಮೆರಿಕದ ಬಯಲಿನ ಕಾದಂಬರಿಗಳಲ್ಲಿ ಕಾಣಸಿಗುವುದಿಲ್ಲ. ಕನ್ನಡ ನೆಲದ ಕ್ರೈಸ್ತರ ಮನೆಯೊಳಗಿನ ಬದುಕು ಬೇಕಾದರೆ ಸಾಗರದ ನಾ. ಡಿಸೋಜ ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಓದಬೇಕು.

ಇನ್ನೊಂದು ಪುಸ್ತಕ ನಿಮ್ಮ ಊರ ಹತ್ತಿರದ್ದೇ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬೋಯ್ ಹೆಸರಿನ ಚರ್ಚ್ ನೋಡಿರಬಹುದು. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, ಟಿಪ್ಪು ಬಿದ್ದ ಮೇಲೆ ಈ ಸೀಮೆಯ ಕ್ರೈಸ್ತರ ನಡುವೆ ನೆಲೆನಿಂತು, ಇಲ್ಲಿನವರಂತೆಯೇ ಉಟ್ಟು ಉಂಡು, ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿ ಸಾವಿರಾರು ಜನರನ್ನು ಮುಟ್ಟಿದರು. ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಬರೆದವರೆಂದು ಪ್ರಸಿದ್ಧರು. ಅದಕ್ಕಿಂತ ನನ್ನನ್ನು ಕಾಡುವುದು 1823ರಲ್ಲಿ, ಭಾರತ ಬಿಟ್ಟು ಹೋದ ವರ್ಷ, ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳು. ಇಷ್ಟು ವರ್ಷ ದುಡಿದರೂ ಮನಃಪೂರ್ವಕವಾಗಿ ಕ್ರೈಸ್ತರಾದವರು ಇಲ್ಲವೆನ್ನುವಷ್ಟು ಕಡಿಮೆ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂದು ಅವರು ಅದರಲ್ಲಿ ಬರೆದರು. ಮಿಷನರಿಗಳು ಸಿಟ್ಟಾಗಿ ಉತ್ತರ ಬರೆದರು. ಆ ಪತ್ರಗಳಲ್ಲಿ ನಮ್ಮ ಜನರ ಬಗ್ಗೆ ಒಪ್ಪಲಾಗದ, ನೋಯಿಸುವ ಮಾತುಗಳೂ ಇವೆ. ಆದರೂ ಬದುಕನ್ನೆಲ್ಲ ಒಂದು ಕೆಲಸಕ್ಕೆ ಕೊಟ್ಟು, ಅದು ಕೈಗೂಡಲಿಲ್ಲವೆಂದು ಒಪ್ಪಿಕೊಂಡ ನಂಬಿಕೆಯ ಪುಸ್ತಕ ಅಪರೂಪ. ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ, ‘ದಿ ಮೂನ್‌ಸ್ಟೋನ್’ ಕೂಡ ಹಾಗೆಯೇ. ದುಬೋಯ್ ಪತ್ರಗಳನ್ನು ನಿಮ್ಮ ಸಹೋದ್ಯೋಗಿಯ ಜೊತೆ ಕೂತು ಓದಿ. ಯಾವ ಮಾತನ್ನು ಅವರು ಒಪ್ಪುತ್ತಾರೆ, ಯಾವುದಕ್ಕೆ ಬೇಸರಪಡುತ್ತಾರೆ ಎಂದು ಕೇಳಿ. ಅವರ ಮನೆಯವರು ಈ ಸೀಮೆಯಲ್ಲಿ ಎಷ್ಟು ತಲೆಮಾರಿನಿಂದ ಇದ್ದಾರೆಂಬುದನ್ನೂ ಕೇಳಿ ತಿಳಿದುಕೊಳ್ಳಿ.